ಸೋವಿಯತ್ ಕಾರ್ಟೂನಿನ ‘ಜ್ವುಕೊಓಪೆರಾತೊರ್’: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ರಷ್ಯಾದ ಹಳೆಯ ಕಾರ್ಟೂನ್ ಚಿತ್ರಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ನೆರವು ಬೇಕು.

1936ರಲ್ಲಿ ಮಾಸ್ಕೋದಲ್ಲಿ ಶುರುವಾದ ಸೊಯುಜ್‌ಮುಲ್ತ್‌ಫಿಲ್ಮ್ ಸ್ಟುಡಿಯೊದ ಚಿತ್ರಗಳ ಹೆಸರುಪಟ್ಟಿಯಲ್ಲಿ, ಸದ್ದಿನ ಹೊಣೆ ಹೊತ್ತವರ ಹೆಸರಿನ ಜೊತೆ ‘ಜ್ವುಕೊಓಪೆರಾತೊರ್’ ಅಂತ ಬರುತ್ತದೆ. ‘ಜ್ವುಕ್’ ಅಂದರೆ ಸದ್ದು. ತೊಡಕು ಇರುವುದು ‘ಓಪೆರಾತೊರ್’ನಲ್ಲಿ. ನಮ್ಮಲ್ಲಿ ಆಪರೇಟರ್ ಅಂದರೆ ಟೆಂಟ್ ಸಿನಿಮಾದಲ್ಲಿ ರೀಲು ಓಡಿಸುವವರು. ರಷ್ಯಾದ ಸಿನಿಮಾ ಮಂದಿ ಛಾಯಾಗ್ರಾಹಕರನ್ನೂ ‘ಓಪೆರಾತೊರ್’ ಅಂತಲೇ ಕರೆಯುತ್ತಾರೆ. ‘ಸೌಂಡ್ ಆಪರೇಟರ್’ ಅಂತ ಬರೆದುಬಿಟ್ಟರೆ ಆ ಕೆಲಸದ ತೂಕವೇ ಹೋಗುತ್ತದೆ.

ಗಿಯೋರ್ಗಿ ಮಾರ್ತಿನ್ಯುಕ್ ಅವರನ್ನೇ ನೋಡಿ. ವಿನ್ನಿ ಪೂಹ್ ಅನ್ನುವ ಪುಟ್ಟ ಕರಡಿಯ ಕತೆಯಾದ 1969ರ ‘ವಿನ್ನಿ ಪೂಹ್’ ಚಿತ್ರಕ್ಕೆ ಸದ್ದಿನ ಕೆಲಸ ಅವರದು. ಕರಡಿಗೆ ದನಿ ಕೊಟ್ಟ ಯೆವ್ಗೆನಿ ಲಿಯೊನೊವ್ ಅವರದು ದಪ್ಪ ಕಂಠ, ಪುಟ್ಟ ಕರಡಿಗೆ ಹೊಂದಲಿಲ್ಲ. ಧ್ವನಿಮುದ್ರಣವನ್ನು ಸುಮಾರು 30 ಶೇಕಡಾ ವೇಗವಾಗಿ ಓಡಿಸಿದರು. ದನಿ ತೆಳುವಾಯಿತು, ಹತ್ತು ಸೆಕೆಂಡಿನ ಮಾತು ಎಂಟಕ್ಕೂ ಮೊದಲೇ ಮುಗಿಯುವಂತಾಯಿತು. ಅವಸರದಲ್ಲಿ ಗೊಣಗುವ ಆ ಕರಡಿ ಹುಟ್ಟಿದ್ದು ಹಾಗೆ. ಅದೇ ವರ್ಷ ಶುರುವಾದ ತೋಳ-ಮೊಲದ ‘ನು, ಪೊಗೊದಿ!’ ಸರಣಿಯಲ್ಲೂ ಮಾರ್ತಿನ್ಯುಕ್ ಅವರ ಹೆಸರಿದೆ.

ನಮ್ಮ ಹಳೆಯ ಚಿತ್ರಗಳ ‘ಶಬ್ದಗ್ರಹಣ’ ಸೊಗಸಾದ ಪದ. ಛಾಯಾಗ್ರಹಣಕ್ಕೆ ಸರಿಜೋಡಿ. ಆದರೆ ಕಾರ್ಟೂನಿನಲ್ಲಿ ಗ್ರಹಿಸುವುದಕ್ಕೆ ಏನಿದೆ? ಬಿಡಿಸಿದ ಮುಳ್ಳುಹಂದಿ ನಡೆದರೆ ಸದ್ದಾಗದು ಅಲ್ವಾ? ನಿರ್ದೇಶಕ ಯೂರಿ ನೊರ್ಷ್ತೈನ್ ಅವರ 1975ರ ‘ಮಂಜಿನಲ್ಲಿ ಮುಳ್ಳುಹಂದಿ’ಯಲ್ಲಿ ಗೂಬೆ ಬಾವಿಗೆ ಬಗ್ಗಿ ಕೂಗುತ್ತದೆ. ಚಿತ್ರದ ಬಾವಿಗೆ ಆಳ ಎಲ್ಲಿಂದ ಬರಬೇಕು? ದನಿ ಒಳಗಿಂದ ಮರಳಿ ಬಂದಾಗಲೇ ನಮಗೆ ಆಳ ಕಾಣುವುದು. ಅಲ್ಲಿ ಸದ್ದಿನ ಹೊಣೆ ಬೊರಿಸ್ ಫಿಲ್ಚಿಕೊವ್ ಅವರದು. ಇದನ್ನು ಬರೀ ಗ್ರಹಣ ಅನ್ನಲು ನನಗೆ ಮನಸ್ಸೇ ಬರುತ್ತಿಲ್ಲ.

‘ಶಬ್ದ ನಿರ್ದೇಶಕ’ ಅನ್ನಬಹುದಿತ್ತು. ಆದರೆ ರಷ್ಯನ್ನಿನಲ್ಲಿ ಅದಕ್ಕೆ ‘ಜ್ವುಕೊರೆಜಿಸ್ಸ್ಯೋರ್’ ಅಂತ ಬೇರೆಯೇ ಪದವಿದೆ. ಎರಡನ್ನೂ ಒಂದೇ ಮಾಡಲು ಇಷ್ಟವಿಲ್ಲ. ಕತೆಗಾರ, ಹಾಡುಗಾರ ಇದ್ದ ಹಾಗೆ ‘ಸದ್ದುಗಾರ’ ಅಂದರೆ? ನನಗೆ ಇಷ್ಟವಾಯಿತು. ಓದುವವರಿಗೆ ಗಲಾಟೆ ಮಾಡುವವ ಅನ್ನಿಸೀತು ಅನ್ನುವುದೊಂದೇ ಅಳುಕು. ‘ದನಿಗಾರ’ ಅಂದರೆ ಕಂಠದಾನ ಮಾಡುವವರು ಅಂದುಕೊಂಡಾರು.

ಹಳೆಯ ಕನ್ನಡ ಚಿತ್ರಗಳ ಹಾಡಿನ ಪುಸ್ತಕ ಜೋಪಾನ ಮಾಡಿಟ್ಟವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. 50-60ರ ದಶಕದವುಗಳಲ್ಲಿ ಶಬ್ದಗ್ರಹಣ, ಧ್ವನಿಮುದ್ರಣ ಬಿಟ್ಟು ಬೇರೆ ಪದವೇನಾದರೂ ಅಚ್ಚಾಗಿದೆಯಾ? ದಯವಿಟ್ಟು ನೋಡಿ ತಿಳಿಸಿ.