ಮನೆ ಗುಂಪಿನಲ್ಲಿ ಕಾಂಡೋಮ್ ಮಾತು

ದೊಡ್ಡಪ್ಪ (ಫಾರ್ವರ್ಡ್): ‘ಕಾಂಡೋಮ್ ಬಗ್ಗೆ ಪಾಠ ಹೇಳಿಕೊಟ್ಟರೆ ಮಕ್ಕಳು ದಾರಿ ತಪ್ಪುವುದು ಖಚಿತ: ವಿಜ್ಞಾನಿಗಳು!’ ಎಲ್ಲರೂ ತಪ್ಪದೆ ಓದಿ.

ಚಿಕ್ಕಮ್ಮ: ನಿಜವಾದ ಮಾತು ಭಾವ 🙏

ನಾನು: ಯಾವ ವಿಜ್ಞಾನಿಗಳು ದೊಡ್ಡಪ್ಪ? ಹೆಸರಿಲ್ಲ, ವರ್ಷ ಇಲ್ಲ. ಯುನೆಸ್ಕೋ 2018ರಲ್ಲಿ ಹೊರತಂದ ಲೈಂಗಿಕ ಶಿಕ್ಷಣದ ಮಾರ್ಗಸೂಚಿ ಇದಕ್ಕೆ ತದ್ವಿರುದ್ಧ ಹೇಳುತ್ತೆ. ಪಾಠ ಕೇಳಿದ್ದಕ್ಕೆ ಮಕ್ಕಳು ಲೈಂಗಿಕ ಸಂಬಂಧ ಬೇಗ ಶುರು ಮಾಡಲ್ಲ ಅಂತ.

ದೊಡ್ಡಪ್ಪ: ಸಂಯಮ ಒಂದಿದ್ದರೆ ಇದ್ಯಾವುದೂ ಬೇಕಾಗಲ್ಲ. ನಿನಗೆ ಮೊದಲಿಂದಲೂ ಎದುರು ಮಾತಾಡೋದೇ ಅಭ್ಯಾಸ.

ದೊಡ್ಡಣ್ಣ: ಬಯಾಲಜಿ ಮೇಷ್ಟ್ರು ಆ ಪಾಠ ಬಂದಾಗ ‘ಮನೇಲಿ ಓದ್ಕೊಳ್ಳಿ’ ಅಂತ ನಾಲ್ಕು ಪುಟ ಹಾರಿಸಿದ್ರಲ್ಲ! ನಮ್ಮ ಕ್ಲಾಸ್ ಫೋಟೋ ಯಾರ ಹತ್ರ ಇದೆ?

ಮಾವ: ಅದಿರಲಿ. ಕಾಂಡೋಮ್ 100ಕ್ಕೆ 13 ಸಲ ಕೈಕೊಡುತ್ತೆ ಅಂತ ಬರೆದಿದ್ದಾರೆ. ಅದೂ ಸುಳ್ಳಾ?

ನಾನು: 100 ಸಲಕ್ಕೆ 13 ಅಲ್ಲ ಮಾವ. ಕಾಂಡೋಮನ್ನೇ ನಂಬಿಕೊಂಡ 100 ಹೆಂಗಸರಲ್ಲಿ ಒಂದು ವರ್ಷದಲ್ಲಿ ಸುಮಾರು 13 ಮಂದಿ ಗರ್ಭಿಣಿಯಾಗ್ತಾರೆ. ಪ್ರತಿ ಸಲ, ಸರಿಯಾಗಿ ಬಳಸಿದ್ರೆ 2. ನಡುವಿನ ಆ 11 ಬಹುಪಾಲು ರಬ್ಬರಿನ ತಪ್ಪಲ್ಲ. ‘ಒಂದ್ಸಲಕ್ಕೆ ಏನಾಗುತ್ತೆ, ನಮಗೆಲ್ಲ ಆಗಲ್ಲ’ ಅನ್ನೋ ಭಂಡಧೈರ್ಯ. ಕೇಳಿದ್ರೆ ‘ನನ್ನ ಮೇಲೆ ನಂಬಿಕೆ ಇಲ್ವಾ’ ಅಂತ ಹುಡುಗ ಮುನಿಸಿಕೊಂಡಾನು ಅನ್ನೋ ಭಯ. ಹುಡುಗಿ ತಾನೇ ಇಟ್ಟುಕೊಂಡಿದ್ರೆ ‘ಇವಳು ಅಂಥವಳು’. ಅಂಗಡಿಯಲ್ಲಿ ಬಾಯಿಬಿಟ್ಟು ಕೇಳೋಕೆ ನಾಚಿಕೆ. ದೊಡ್ಡಪ್ಪ ಹೇಳೋ ಸಂಯಮವೂ ಅಷ್ಟೇ, ಮನಸ್ಸು ತಣ್ಣಗಿದ್ದಾಗ ಮಾಡಿದ ತೀರ್ಮಾನ ಆ ಹೊತ್ತಿಗೆ ಇರಲ್ಲ. ಕೈಗೆ ಸಿಗೋ ಹಾಗೆ ಒಂದು ಪ್ಯಾಕೆಟ್ ಇರಬೇಕು.

ಅತ್ತೆ: ಚಿಕ್ಕವರೂ ಇದ್ದಾರೆ ಗುಂಪಲ್ಲಿ. ಏನು ಮಾತು ಇದೆಲ್ಲ!

ನಾನು: ಅತ್ತೆ, ನನ್ನ ಬ್ಯಾಗಲ್ಲಿ ಪ್ಯಾಕೆಟ್ ಸಿಕ್ಕಾಗ ನಡುಮನೆಯಲ್ಲಿ ಎಲ್ಲರೆದುರು ಎತ್ತಿ ತೋರಿಸಿದ್ದು ನೀವು. ಆಮೇಲೆ ಎರಡು ವರ್ಷ ನಾನು ಅದನ್ನ ಇಟ್ಟುಕೊಳ್ಳಲೇ ಇಲ್ಲ. ನಿಲ್ಲಿಸಿದ್ದು ಅದೊಂದನ್ನೇ.

ಅತ್ತೆ: ಬ್ಯಾಗ್ ನೋಡು ಅಂದದ್ದು ನಿಮ್ಮ ಚಿಕ್ಕಮ್ಮ. ನನ್ನೊಬ್ಬಳನ್ನೇ ಯಾಕೆ ಅಂತೀಯ?

ಚಿಕ್ಕಮ್ಮ: ನಾನಾ? ಆವತ್ತು ನಾನು ಊರಲ್ಲೇ ಇರಲಿಲ್ಲ.

ಅತ್ತೆ: ಇದ್ರಿ.

ದೊಡ್ಡಣ್ಣ: ಫೋಟೋ ಸಿಕ್ತಾ?

ಚಿಕ್ಕಮ್ಮ: ಫಾರ್ವರ್ಡ್ ಕೊನೇಲಿ ನೋಡಿ, ಆ ತುರ್ತು ಗರ್ಭನಿರೋಧಕ ಮಾತ್ರೆನೂ ಗರ್ಭಪಾತದ್ದೇ ಅಂತೆ.

ನಾನು: ಅಲ್ಲ ಚಿಕ್ಕಮ್ಮ. ಆ ಮಾತ್ರೆ, ಅಂದ್ರೆ ಲೆವೊನಾರ್ಜೆಸ್ಟ್ರೆಲ್, ಅಂಡ ಬಿಡುಗಡೆಯಾಗೋದನ್ನ ಮುಂದಕ್ಕೆ ತಳ್ಳುತ್ತೆ, ಅಷ್ಟೇ. ಗರ್ಭ ನಿಂತ ಮೇಲೆ ಅದರಿಂದ ಏನೂ ಆಗಲ್ಲ. 72 ಗಂಟೆಯೊಳಗೆ ತಗೋಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು.

ದೊಡ್ಡಪ್ಪ: ಇನ್ನು ಸಾಕು. ಎಲ್ಲರಿಗೂ ಶುಭರಾತ್ರಿ.

ಹನ್ನೊಂದೂವರೆಗೆ ಚಿಕ್ಕಮ್ಮನ ಮಗಳ ಸಂದೇಶ ಬಂತು, ನನಗೊಬ್ಬಳಿಗೇ. ಅವಳಿಗೆ 22. ಇಡೀ ಸಂಜೆ ಗುಂಪಿನಲ್ಲಿ ಒಂದಕ್ಷರ ಬರೆದಿರಲಿಲ್ಲ.

‘ಅಕ್ಕ, 72 ಗಂಟೆ ಅಂದ್ರೆ ಯಾವಾಗಿಂದ ಲೆಕ್ಕ?’

‘ಆ ಹೊತ್ತಿಂದಲೇ. ಎಷ್ಟಾಯ್ತು ಈಗ?’

‘ಇಪ್ಪತ್ತು ಗಂಟೆ. ಅಂಗಡಿಯವರೆಗೆ ಹೋಗಿ ವಾಪಸ್ ಬಂದೆ.’

‘ಇನ್ನೂ ಸಮಯ ಇದೆ ಪುಟ್ಟಿ, ಹೆದರಬೇಡ. ನಾನೇ ತಗೊಂಡು ಬರ್ತೀನಿ.’