ಹೇಮಕೂಟದ ಬಂಡೆಯಿಂದ ಗೋಪುರದವರೆಗೆ: 4×5 ಕ್ಯಾಮೆರಾದಲ್ಲಿ ಫೋಕಸ್

ಪ್ರಶ್ನೆ:
ಹಂಪಿಯ ಹೇಮಕೂಟದಿಂದ, ಒಂದೂವರೆ ಮೀಟರ್ ದೂರದ ಬಂಡೆಯೂ ವಿರೂಪಾಕ್ಷ ದೇವಾಲಯದ ಗೋಪುರವೂ ಸ್ಪಷ್ಟವಾಗಿರುವಂತೆ 4×5 ಅಂಗುಲದ ಫಿಲ್ಮಿನಲ್ಲಿ ಸೆರೆಹಿಡಿಯಬೇಕೆಂಬುದು ನನ್ನ ಬಹುಕಾಲದ ಆಸೆ. 150 ಮಿ.ಮೀ. ಲೆನ್ಸನ್ನು ಎಫ್/45ಕ್ಕೆ ಇಳಿಸಿ ಬೆಳಕಿನ ರಂಧ್ರವನ್ನು ತೀರ ಕಿರಿದಾಗಿಸಿದರೂ ಎರಡರಲ್ಲೊಂದು ಮಸುಕಾಗುತ್ತದೆ. ಈ ಕ್ಯಾಮೆರಾದಲ್ಲಿ ಲೆನ್ಸನ್ನು ಫಿಲ್ಮಿನಿಂದ ಬೇರೆಯಾಗಿ ಬಾಗಿಸಬಹುದಲ್ಲ, ಎಷ್ಟು ಬಾಗಿಸಬೇಕು?

ಉತ್ತರ 1:
ಲೆನ್ಸನ್ನು ಮುಂದಕ್ಕೆ ಬಾಗಿಸಿದಾಗ ಫೋಕಸ್ ತಲವು (ಅತಿ ಸ್ಪಷ್ಟವಾಗಿ ಮೂಡುವ ಸಮತಲವು) ಫಿಲ್ಮಿಗೆ ಸಮಾಂತರವಾಗಿ ನಿಲ್ಲದೆ ನೆಲದತ್ತ ವಾಲುತ್ತದೆ. ಇದೇ ಶೈಂಪ್‌ಫ್ಲೂಗ್ ನಿಯಮ. ಲೆನ್ಸ್ ಬಂಡೆಯ ಮೇಲ್ಮೈಗಿಂತ 1.5 ಮೀಟರ್ ಎತ್ತರದಲ್ಲಿದ್ದರೆ, ಲೆನ್ಸಿನ ನಾಭಿದೂರ 150 ಮಿ.ಮೀ.ಯನ್ನು ಈ ಎತ್ತರದ 1500 ಮಿ.ಮೀ.ಯಿಂದ ಭಾಗಿಸಿದಾಗ ಬರುವ 0.1 ಎಂಬುದು ಬಾಗುಕೋನದ ಸೈನ್ ಆದುದರಿಂದ, ಸುಮಾರು 6 ಡಿಗ್ರಿ ಸಾಕು. ಹೊಸಬರು ಸಾಮಾನ್ಯವಾಗಿ ಅತಿಯಾಗಿ ಬಾಗಿಸಿಬಿಡುತ್ತಾರೆ.

ಉತ್ತರ 2:
ಲೆಕ್ಕ ಸರಿ, ಆದರೆ ಗೋಪುರವನ್ನು ಮರೆಯಬೇಡಿ. ಬಾಗಿಸಿದ ಮೇಲೆ ಸ್ಪಷ್ಟತೆಯ ವಲಯವು ಕ್ಯಾಮೆರಾದ ಬಳಿ ತೆಳುವಾಗಿಯೂ ದೂರದಲ್ಲಿ ದಪ್ಪವಾಗಿಯೂ ಇರುವ ಬೆಣೆಯಾಗುತ್ತದೆ. ಆದ್ದರಿಂದ ತಲವನ್ನು ಬಂಡೆಯಿಂದ ಗೋಪುರದ ನಡುಮಟ್ಟಕ್ಕೆ ಹಾಯಿಸಿ, ಶಿಖರ ಮತ್ತು ಬುಡಗಳೆರಡನ್ನೂ ಗ್ರೌಂಡ್ ಗ್ಲಾಸಿನ (ಕ್ಯಾಮೆರಾದ ಹಿಂಬದಿಯಲ್ಲಿ ಚಿತ್ರ ಮೂಡುವ ಮಸುಕು ಗಾಜಿನ) ಮೇಲೆ ಭೂತಗನ್ನಡಿಯಿಟ್ಟು ಪರೀಕ್ಷಿಸಿರಿ.

ಉತ್ತರ 3:
ಬಾಗಿಸಿದ ನಂತರವೂ ಉಳಿಯುವ ವ್ಯತ್ಯಾಸವನ್ನು ಫೋಕಸ್‌ಗಾಗಿ ಹಿಂದೆಮುಂದೆ ಸರಿಸುವ ಕ್ಯಾಮೆರಾದ ಹಳಿಯ ಮೇಲೆ ಅಳೆಯಿರಿ. ಸ್ಪಷ್ಟವಾಗಿರಬೇಕಾದ ವಲಯದ ಎರಡು ಅಂಚುಗಳಿಗೆ ಫೋಕಸ್ ಮಾಡಿದ ಗುರುತುಗಳ ಅಂತರ 3 ಮಿ.ಮೀ. ಇದ್ದರೆ, ಅವುಗಳ ನಟ್ಟನಡುವೆ ನಿಲ್ಲಿಸಿ ಎಫ್/32 ಇಡುತ್ತೇನೆ. ಎಫ್/64ಕ್ಕೆ ಹೋದರೆ ವಿವರ್ತನೆಯಿಂದ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರದ ಮೊನಚು ಕುಗ್ಗುತ್ತದೆ.