ಅಪ್‌ಡೇಟ್: ಒರಟು ಮಾಡಿದ ಚಿನ್ನದ ಎಲೆಕ್ಟ್ರೋಡಿನ ನಿಜವಾದ ವಿಸ್ತೀರ್ಣ

ಮೊದಲ ಪ್ರಶ್ನೆ ಇದಾಗಿತ್ತು: 2 ಮಿ.ಮೀ. ವ್ಯಾಸದ ಚಿನ್ನದ ಡಿಸ್ಕನ್ನು ಒರಟು ಮಾಡಿದ ಮೇಲೂ ಫೆರಿಸಯನೈಡ್ ಬಳಸಿ ರ‍್ಯಾಂಡಲ್ಸ್–ಸೆವ್ಚಿಕ್ ಸೂತ್ರದಲ್ಲಿ (ಶಿಖರದ ಕರೆಂಟಿನಿಂದ ವಿಸ್ತೀರ್ಣ ಕಂಡುಹಿಡಿಯುವ ಸೂತ್ರ) ಲೆಕ್ಕ ಹಾಕಿದರೆ 0.031 ಚ.ಸೆಂ.ಮೀ. ಮಾತ್ರ ಬರುವುದೇಕೆ?

ತಪ್ಪು ಲೆಕ್ಕದಲ್ಲಿರಲಿಲ್ಲ, ವಿಧಾನದ ಆಯ್ಕೆಯಲ್ಲಿತ್ತು. ಡಿಫ್ಯೂಷನ್ ಪದರ (ಎಲೆಕ್ಟ್ರೋಡಿನ ಪಕ್ಕದಲ್ಲಿ ಫೆರಿಸಯನೈಡ್ ಕಡಿಮೆಯಾಗುವ ದ್ರಾವಣದ ಪದರ) ಹತ್ತಾರು ಮೈಕ್ರೋಮೀಟರ್ ದಪ್ಪ. ನ್ಯಾನೋಮೀಟರ್ ಮಟ್ಟದ ಉಬ್ಬುತಗ್ಗು ಅದಕ್ಕೆ ಕಾಣುವುದೇ ಇಲ್ಲ. ಹಾಗಾಗಿ ಆ ಸೂತ್ರ ಕೊಡುವುದು ಜ್ಯಾಮಿತೀಯ ವಿಸ್ತೀರ್ಣವನ್ನೇ, ಅಂದರೆ ಸಪಾಟು ಡಿಸ್ಕಿನ ವಿಸ್ತೀರ್ಣವನ್ನೇ.

ನನಗೆ ಸಿಕ್ಕ ಸಲಹೆಯಂತೆ ಆಕ್ಸೈಡ್ ವಿಧಾನಕ್ಕೆ ಬದಲಾಯಿಸಿದೆ: ವಿಭವ ಏರಿಸಿ ಚಿನ್ನದ ಮೇಲೆ ಆಕ್ಸೈಡ್ ಬೆಳೆಸಿ, ಇಳಿಸುವಾಗ ಅದನ್ನು ತೆಗೆಯಲು ಬೇಕಾದ ವಿದ್ಯುದಾವೇಶವನ್ನು ಅಳೆಯುವುದು. 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲ, ಆಮ್ಲಜನಕ ಹೊರಹಾಕಲು 15 ನಿಮಿಷ ಆರ್ಗಾನ್, ಸ್ಕ್ಯಾನ್ ವೇಗ ಸೆಕೆಂಡಿಗೆ 0.1 ವೋಲ್ಟ್, ಸತತ ಎರಡು ಸೈಕಲ್‌ಗಳು ಒಂದರ ಮೇಲೊಂದು ಕೂರುವವರೆಗೆ. ಹಿಂದಿರುಗುವಾಗಿನ ಆಕ್ಸೈಡ್ ಅಪಕರ್ಷಣ ಶಿಖರದ ಕೆಳಗಿನ ವಿಸ್ತೀರ್ಣ 2.45 ಮೈಕ್ರೋಆಂಪಿಯರ್-ವೋಲ್ಟ್. ಇದನ್ನು ಸ್ಕ್ಯಾನ್ ವೇಗದಿಂದ ಭಾಗಿಸಿದರೆ 24.5 ಮೈಕ್ರೋಕೂಲಂಬ್, ಮತ್ತೆ 390ರಿಂದ (ಒಂದು ಚ.ಸೆಂ.ಮೀ. ಚಿನ್ನದ ಆಕ್ಸೈಡ್ ತೆಗೆಯಲು ಬೇಕಾದ ಮೈಕ್ರೋಕೂಲಂಬ್) ಭಾಗಿಸಿದರೆ 0.063 ಚ.ಸೆಂ.ಮೀ. ಅಂದರೆ ಒರಟುತನದ ಅಂಶ (ನಿಜವಾದ ಮತ್ತು ಜ್ಯಾಮಿತೀಯ ವಿಸ್ತೀರ್ಣಗಳ ಅನುಪಾತ) ಸುಮಾರು 2.

ಈ 390 (ಮೈಕ್ರೋಕೂಲಂಬ್ ಪ್ರತಿ ಚ.ಸೆಂ.ಮೀ.ಗೆ) ಕಲ್ಲಿನ ಮೇಲೆ ಕೆತ್ತಿದ ಅಂಕಿಯಲ್ಲ ಅನ್ನುವುದು ನನಗೆ ತುಂಬಾ ಮುಖ್ಯವಾಗಿ ಕಂಡಿತು. ಸ್ಕ್ಯಾನಿನ ವಿಭವದ ಮೇಲಿನ ಮಿತಿಯನ್ನು ಸ್ವಲ್ಪ ಏರಿಸಿದರೂ ಆಕ್ಸೈಡ್ ಹೆಚ್ಚು ಬೆಳೆದು "ವಿಸ್ತೀರ್ಣ" ಹಿಗ್ಗುತ್ತದೆ. ಆದ್ದರಿಂದ ಮಿತಿಯನ್ನು ಬರೆಯದೆ ವಿಸ್ತೀರ್ಣ ವರದಿ ಮಾಡಬೇಡಿ. ಹೋಲಿಸುವ ಎಲ್ಲ ಎಲೆಕ್ಟ್ರೋಡುಗಳಿಗೂ ಒಂದೇ ಮಿತಿ ಇರಲಿ.

ಇನ್ನೊಂದು: ಬೆಳ್ಳಿ–ಬೆಳ್ಳಿ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡಿನ (ವಿಭವವನ್ನು ಅಳೆಯಲು ಆಧಾರವಾಗುವ ಎಲೆಕ್ಟ್ರೋಡ್) ತುದಿಯಿಂದ ಕ್ಲೋರೈಡ್ ಸೋರಿದರೆ ಮೇಲಿನ ವಿಭವದಲ್ಲಿ ಚಿನ್ನ ಕರಗುತ್ತದೆ, ಸೈಕಲ್‌ಗಳು ಸ್ಥಿರವಾಗುವುದೇ ಇಲ್ಲ. ಪಾದರಸ–ಪಾದರಸ ಸಲ್ಫೇಟ್ ರೆಫರೆನ್ಸ್ ಹಾಕಿದ ಮೇಲೆ ಶಿಖರ ಅಲುಗಾಡದೆ ನಿಂತಿತು. ವಿಭವದ ಮಿತಿಗಳನ್ನು ಹೊಸ ರೆಫರೆನ್ಸಿಗೆ ತಕ್ಕಂತೆ ಸರಿಪಡಿಸಲು ಮರೆಯಬೇಡಿ.